ಮಿಯಾಟಾ ಕಾರಿನ ಮುಂದುಗಡೆ ‘ಧಡ್’ ಅಂತಿದೆಯಾ? ಸ್ಪ್ರಿಂಗ್ ಕೊಳ್ಳುವ ಮುಂಚೆ ಒಂದು ಜಿಪ್ ಟೈ ಕಟ್ಟಿ

ಕಾರು ಗಟ್ಟಿ ಅನ್ನಿಸಿದ ಕೂಡಲೇ ಸ್ಪ್ರಿಂಗ್ ಗಟ್ಟಿ ಇದೆ ಅಂದುಕೊಳ್ಳುತ್ತೇವೆ. ನಾನೂ ಅಂದುಕೊಂಡೆ. ಮೆತ್ತನೆಯ ಸ್ಪ್ರಿಂಗ್ ತಂದು ಹಾಕಿದೆ, ಕಾರು ಇನ್ನೂ ಗಟ್ಟಿ ಆಯಿತು. ಒಂದು ಶನಿವಾರ ಪೂರ್ತಿ ಗ್ರೀಸ್ ಮೆತ್ತಿಕೊಂಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಯಾಕೆ ಹಾಗಾಯಿತು, ಮೊದಲೇ ಏನು ಅಳೆಯಬೇಕಿತ್ತು, ಕೊನೆಗೆ ಯಾವ ಸ್ಪ್ರಿಂಗ್ ಸರಿಹೋಯಿತು ಅನ್ನೋದನ್ನ ಇಲ್ಲಿ ಬರೆದಿದ್ದೇನೆ. ನಿಮ್ಮ ಕಾರು ಬೇರೆ ಇದ್ದರೂ ಅಳೆಯುವ ದಾರಿ ಇದೇ. ನನ್ನ ಸಂಖ್ಯೆಗಳನ್ನ ಮಾತ್ರ ಕಾಪಿ ಮಾಡಬೇಡಿ.

ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಕಾರು 2001ರ ಮಾಜ್ದಾ ಮಿಯಾಟಾ, ಬೇರೆ ಎಷ್ಟೋ ದೇಶಗಳಲ್ಲಿ ಇದನ್ನೇ ಎಂಎಕ್ಸ್-5 ಅನ್ನುತ್ತಾರೆ. ಎರಡೇ ಸೀಟು, ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮಾಲೀಕ ಹಾಕಿಸಿದ್ದ ಕಾಯಿಲ್‌ಓವರ್ (ಡ್ಯಾಂಪರ್ ಅಂದರೆ ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗ್ ಕೂರಿಸಿ, ಅದು ಕೂರುವ ತಟ್ಟೆ ತಿರುಗಿಸಿ ಎತ್ತರ ಬದಲಾಯಿಸುವ ಜೋಡಣೆ) ಸಮೇತ ಬಂತು, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಿಸಿದ್ದ. ನೋಡೋಕೆ ಚೆಂದ. ಆದರೆ ಅಪಾರ್ಟ್‌ಮೆಂಟಿನ ಗೇಟಿನ ಹಂಪ್ ಮೇಲೆ ಎಷ್ಟು ಮೆಲ್ಲಗೆ ಹೋದರೂ ಮುಂದುಗಡೆ ‘ಧಡ್’. 880 ಹೆದ್ದಾರಿಯ ಕಾಂಕ್ರೀಟ್ ಜೋಡಣೆಗಳ ಮೇಲೆ ಹಲ್ಲು ಕಟಕಟ. ಸ್ಕೈಲೈನ್ ರಸ್ತೆ ಕಡೆ ಬೆಟ್ಟ ಹತ್ತುವಾಗ ತಿರುವಿನ ಮಧ್ಯೆ ಸಣ್ಣ ಉಬ್ಬು ಸಿಕ್ಕರೆ ಮೂತಿ ಒಂದು ಅಡಿ ಹೊರಕ್ಕೆ ಹಾರುತ್ತಿತ್ತು. ಈ ಮೂರನೆಯದೇ ನನಗೆ ಭಯ ಹುಟ್ಟಿಸಿದ್ದು.

ಮೊದಲು ಸ್ಪ್ರಿಂಗಿನ ತಪ್ಪಲ್ಲದ ಸದ್ದುಗಳನ್ನ ಬೇರೆ ಮಾಡಿ

ಇದನ್ನ ಬೇಗ ಮುಗಿಸುತ್ತೇನೆ. ಮೆಲ್ಲಗೆ ಹೋಗುವಾಗ ಸಣ್ಣ ಏರುಪೇರಿಗೂ ‘ಟಕ್ ಟಕ್’ ಅಂದರೆ ಸಾಮಾನ್ಯವಾಗಿ ಆ್ಯಂಟಿ ರೋಲ್ ಬಾರಿನ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಲಿಂಕ್, ಇಲ್ಲವೇ ಡ್ಯಾಂಪರಿನ ತುದಿಯ ನಟ್ ಸಡಿಲ. ಲಿಂಕನ್ನ ಒಂದು ಕಡೆ ಬಿಚ್ಚಿ ಬೀದಿಯೊಳಗೆ ಮೆಲ್ಲಗೆ ಒಂದು ಸುತ್ತು ಹೋಗಿ ಬನ್ನಿ. ಸದ್ದು ಹೋದರೆ ಕಳ್ಳ ಸಿಕ್ಕ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ‘ಟಂಗ್’ ಅನ್ನುತ್ತದಾ? ಮ್ಯಾಕ್‌ಫರ್ಸನ್ ಸ್ಟ್ರಟ್ (ಮೇಲಿನ ತೋಳಿನ ಬದಲು ಡ್ಯಾಂಪರೇ ಚಕ್ರವನ್ನ ಹಿಡಿಯುವ ಜೋಡಣೆ) ಇರುವ ಕಾರಾದರೆ ಸ್ಟ್ರಟ್ಟೇ ಚಕ್ರದ ಜೊತೆ ತಿರುಗುತ್ತದೆ, ಹಾಗಾಗಿ ಮೇಲಿನ ಬೇರಿಂಗ್ ನೋಡಬೇಕು. ಮಿಯಾಟಾದಲ್ಲಿ ಡ್ಯಾಂಪರ್ ತಿರುಗೋದೇ ಇಲ್ಲ. ಸುಮ್ನೆ ಸ್ಪ್ರಿಂಗ್ ಬೈಯಬೇಡಿ, ಸ್ಟೀರಿಂಗಿನ ಟೈ ರಾಡ್, ತೋಳಿನ ತುದಿಯ ಬಾಲ್ ಜಾಯಿಂಟ್ ಕಡೆ ನೋಡಿ.

ಹಂಪ್ ಇಳಿದ ಮೇಲೆ ‘ಟಂಗ್’ ಅಂದರೆ ಮಾತ್ರ ಸ್ಪ್ರಿಂಗಿನ ಮೇಲೆ ಅನುಮಾನ ಪಡಬಹುದು. ಸ್ಪ್ರಿಂಗ್ ಕುಗ್ಗುವಾಗ ತುಸು ತಿರುಚಿಕೊಳ್ಳುತ್ತದೆ, ಕೂರುವ ತಟ್ಟೆ ಒರಟಾಗಿದ್ದರೆ ಹಿಡಿದುಕೊಂಡು ಆಮೇಲೆ ಒಮ್ಮೆಲೇ ಜಾರುತ್ತದೆ. ಇನ್ನೊಂದು ಕಾರಣ ಒಳ ವ್ಯಾಸ ಹೊಂದದಿರುವುದು. ಜಪಾನ್ ಮತ್ತು ತೈವಾನ್ ಕಡೆಯ ಕಾಯಿಲ್‌ಓವರ್‌ಗಳಲ್ಲಿ 62 ಅಥವಾ 65 ಮಿ.ಮೀ., ಅಮೆರಿಕದವರದ್ದು ಎರಡೂವರೆ ಇಂಚು ಅಂದರೆ 63.5, ಯೂರೋಪಿನ ಎಷ್ಟೋ ಕಿಟ್‌ಗಳದ್ದು 60. ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತವೆ. 65ರ ತಟ್ಟೆಗೆ 63.5ರ ಸ್ಪ್ರಿಂಗ್ ಇಳಿಯೋದಿಲ್ಲ, ಸುತ್ತಿಗೆಯಲ್ಲಿ ಹೊಡೆದು ಇಳಿಸಿದವರನ್ನ ನೋಡಿದ್ದೇನೆ. ಆ ಕೆಲಸ ಮಾಡಬೇಡಿ.

ಜಿಪ್ ಟೈ ಪರೀಕ್ಷೆ

ಈಗ ನಿಜವಾದ ವಿಷಯ. ಡ್ಯಾಂಪರಿನಿಂದ ಹೊರಗೆ ಬರುವ ಹೊಳೆಯುವ ಕಂಬಿ ಇದೆಯಲ್ಲ, ಅದಕ್ಕೆ ಒಂದು ಸಣ್ಣ ಜಿಪ್ ಟೈ (ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಬಿಗಿಯಾಗಿ ಕಟ್ಟಿ. ತೀರಾ ಬಿಗಿ ಬೇಡ, ಬೆರಳಲ್ಲಿ ತಳ್ಳಿದರೆ ಸರಿಯಬೇಕು, ತಾನಾಗೇ ಜಾರಬಾರದು. ಧೂಳಿನ ರಬ್ಬರ್ ಚೀಲ ಇದ್ದರೆ ಮೇಲಕ್ಕೆ ಸರಿಸಿ. ಕಾರನ್ನ ನೆಲದ ಮೇಲೆ ಇಳಿಸಿ, ಮುಂದೆ ಹಿಂದೆ ಸ್ವಲ್ಪ ಉರುಳಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಕ್ರದ ಹಿಂದೆ ಕೈ ತೂರಿಸಿ. ಮೊಬೈಲ್ ಟಾರ್ಚ್ ಹಿಡಿದು ಸುರುಳಿಗಳ ಸಂದಿನಿಂದ ನೋಡಿದರೆ ಡ್ಯಾಂಪರಿನ ಕುತ್ತಿಗೆ ಕಾಣುತ್ತದೆ, ಅದರ ಮೇಲೆ ಕಂಬಿ, ಕಂಬಿಯ ಮೇಲ್ತುದಿಯಲ್ಲಿ ಬಂಪ್ ಸ್ಟಾಪ್, ಅಂದರೆ ಡ್ಯಾಂಪರ್ ತಳ ಹೊಡೆಯದಂತೆ ತಡೆಯುವ ರಬ್ಬರಿನಂಥ ತುಂಡು. ಜಿಪ್ ಟೈಯನ್ನ ಕುತ್ತಿಗೆವರೆಗೆ ಇಳಿಸಿ. ಕುತ್ತಿಗೆಯಿಂದ ಬಂಪ್ ಸ್ಟಾಪ್‌ವರೆಗೆ ಎಷ್ಟು ಜಾಗ ಇದೆ ಅನ್ನೋದನ್ನ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ.

ನನ್ನದರಲ್ಲಿ ಎಷ್ಟಿತ್ತು ಗೊತ್ತಾ? 12 ಮಿ.ಮೀ. ನನ್ನ ಕಿರುಬೆರಳಿನ ಅಗಲ.

ಅಂದರೆ ಕಾರು ನಿಂತಲ್ಲಿಂದ 12 ಮಿ.ಮೀ. ಕುಗ್ಗಿದರೆ ಸ್ಪ್ರಿಂಗಿನ ಕೆಲಸ ಮುಗೀತು, ಅಲ್ಲಿಂದ ಮುಂದೆ ಆ ಬಂಪ್ ಸ್ಟಾಪ್ ಮೇಲೇ ಸವಾರಿ. ಹಂಪಿನ ಧಡ್ ಅದೇ. ತಿರುವಿನಲ್ಲಿ ಮೂತಿ ಹಾರಿದ್ದೂ ಅದೇ. ಕಾರು ವಾಲಿದಾಗ ಹೊರಗಿನ ಚಕ್ರ ಆಗಲೇ ಬಂಪ್ ಸ್ಟಾಪ್ ಮುಟ್ಟಿರುತ್ತದೆ, ಮೇಲೆ ಇನ್ನೊಂದು ಉಬ್ಬು ಬಂದರೆ ಆ ಮೂಲೆಯ ಗಡಸು ಒಂದೇ ಏಟಿಗೆ ಎಷ್ಟೋ ಪಟ್ಟು ಏರುತ್ತದೆ, ಟೈರ್ ಹಿಡಿತ ಬಿಡುತ್ತದೆ. ಅದೇ ಟೈ ಕಟ್ಟಿಕೊಂಡು ಗೇಟಿನ ಹಂಪ್ ಒಂದು ಸಲ ದಾಟಿ ಬಂದು ನೋಡಿದೆ. ಟೈ ಬಂಪ್ ಸ್ಟಾಪಿನೊಳಗೆ ಹೂತುಹೋಗಿತ್ತು.

ಈ ಪರೀಕ್ಷೆ ನಾನು ಮಾಡಿದ್ದು ಮೆತ್ತನೆಯ ಸ್ಪ್ರಿಂಗ್ ಹಾಕಿ, ತೆಗೆದು, ಹಳೆಯದನ್ನ ಮತ್ತೆ ಕೂರಿಸಿದ ಮೇಲೆ. ಮೊದಲೇ ಮಾಡಿದ್ದರೆ ಎರಡು ಸ್ಪ್ರಿಂಗಿನ ದುಡ್ಡು ಉಳಿಯುತ್ತಿತ್ತು.

ಹಾಕಿರುವ ಸ್ಪ್ರಿಂಗಿನ ಗಡಸು ಎಷ್ಟು?

ಸ್ಪ್ರಿಂಗ್ ಮೇಲೆ ನಂಬರ್ ಇದ್ದರೆ ನಿಮ್ಮ ಅದೃಷ್ಟ. ಐಬಾಕ್ ಕಂಪನಿಯ 0700.250.0450 ಅಂದರೆ 7 ಇಂಚು ಉದ್ದ, ಎರಡೂವರೆ ಇಂಚು ಒಳ ವ್ಯಾಸ, ಒಂದು ಇಂಚು ಕುಗ್ಗಿಸಲು 450 ಪೌಂಡ್. ಸ್ವಿಫ್ಟ್ ಕಂಪನಿಯ ಝಡ್65-178-080 ಅಂದರೆ 65 ಮಿ.ಮೀ. ವ್ಯಾಸ, 178 ಮಿ.ಮೀ. ಉದ್ದ, ಮಿಲಿಮೀಟರಿಗೆ 8 ಕೆ.ಜಿ. ಒಬ್ಬರು ಪೌಂಡು, ಒಬ್ಬರು ಕೆ.ಜಿ., ಇನ್ನೊಬ್ಬರು ನ್ಯೂಟನ್. ಮಿಲಿಮೀಟರಿಗೆ 1 ಕೆ.ಜಿ. ಅಂದರೆ ಇಂಚಿಗೆ 56 ಪೌಂಡ್, ಮಿಲಿಮೀಟರಿಗೆ 9.8 ನ್ಯೂಟನ್. ಇದನ್ನ ಗ್ಯಾರೇಜಿನ ಗೋಡೆ ಮೇಲೆ ಬರೆದುಕೊಳ್ಳಿ. ಮುಂದೆ ನಾನು ಬರೀ ‘8 ಕೆ.ಜಿ. ಸ್ಪ್ರಿಂಗ್’ ಅಂತ ಬರೆದರೆ ಮಿಲಿಮೀಟರಿಗೆ 8 ಕೆ.ಜಿ. ಅಂತ ಅರ್ಥ.

ನನ್ನದರ ನಂಬರ್ ಅಳಿಸಿಹೋಗಿತ್ತು. ಲೆಕ್ಕ ಹಾಕಿ ಕಂಡುಹಿಡಿಯಬಹುದು. ತಂತಿಯ ದಪ್ಪ, ಸುರುಳಿಯ ವ್ಯಾಸ, ಕೆಲಸ ಮಾಡುವ ಸುರುಳಿಗಳ ಸಂಖ್ಯೆ, ಮೂರು ಸಾಕು. ತಂತಿ 11 ಮಿ.ಮೀ., ತಂತಿಯ ನಡುವಿನಿಂದ ನಡುವಿಗೆ ವ್ಯಾಸ 76, ಬಿಡಿಯಾಗಿ ನಿಂತ ಸುರುಳಿ 5. ಸುಮಾರು 6.7 ಕೆ.ಜಿ. ಬಂತು. ಆದರೆ ಇಲ್ಲಿ ಒಂದು ಗುಂಡಿ ಇದೆ. ತಂತಿಯ ದಪ್ಪ ನಾಲ್ಕನೇ ಘಾತದಲ್ಲಿ ಬರುತ್ತದೆ. ಮೊದಲ ಸಲ ಪೇಂಟ್ ಸಮೇತ ಅಳೆದು 11.5 ಅಂತ ಹಾಕಿದ್ದೆ, ಉತ್ತರ 7.9 ಬಂದಿತ್ತು. ಅರ್ಧ ಮಿಲಿಮೀಟರ್ ಪೇಂಟಿಗೆ ಒಂದು ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ! ಒಂದು ಕಡೆ ಪೇಂಟ್ ಕೆರೆದು ಅಳೆಯಿರಿ.

ನಂಬಿಕೆ ಬಾರದೆ ಗೆಳೆಯನ ಗ್ಯಾರೇಜಿನ ಹೈಡ್ರಾಲಿಕ್ ಪ್ರೆಸ್ ಕೆಳಗೆ ಮನೆಯ ತೂಕದ ಮಷಿನ್ ಇಟ್ಟು, ಅದರ ಮೇಲೆ ಸ್ಪ್ರಿಂಗ್ ನಿಲ್ಲಿಸಿ ಒತ್ತಿದೆವು. 10 ಮಿ.ಮೀ.ಗೆ 66 ಕೆ.ಜಿ., 20ಕ್ಕೆ 135. ಮೊದಲ ಕೆಲವು ಮಿಲಿಮೀಟರಿನಲ್ಲಿ ತುದಿಯ ಸುರುಳಿ ಕೂತುಕೊಳ್ಳುತ್ತಿರುತ್ತದೆ, ಅದಕ್ಕೇ ಎರಡರ ವ್ಯತ್ಯಾಸ ತಗೋಬೇಕು. 69, ಅಂದರೆ 7 ಕೆ.ಜಿ. ಸ್ಪ್ರಿಂಗ್. ಪ್ರೆಸ್ ಕೆಳಗೆ ಸ್ಪ್ರಿಂಗ್ ಇಟ್ಟಾಗ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಹಾರಿದರೆ ಮೂಳೆ ಉಳಿಯೋಲ್ಲ. ಮಷಿನ್ ಎಷ್ಟು ಕೆ.ಜಿ.ವರೆಗೆ ತೋರಿಸುತ್ತದೆ ಅಂತಲೂ ನೋಡಿಕೊಳ್ಳಿ, ಹೆಂಡತಿ ಆಮೇಲೆ ಕೇಳುತ್ತಾಳೆ.

ಮೆತ್ತನೆಯ ಸ್ಪ್ರಿಂಗ್ ಯಾಕೆ ಕಾರನ್ನ ಗಟ್ಟಿ ಮಾಡಿತು

ಡಬಲ್ ವಿಶ್‌ಬೋನಿನಲ್ಲಿ ಡ್ಯಾಂಪರ್ ಚಕ್ರದ ಹತ್ತಿರ ಇರೋದಿಲ್ಲ, ತೋಳಿನ ನಡುವೆ ಎಲ್ಲೋ ಕೂತಿರುತ್ತದೆ. ಸ್ಪ್ರಿಂಗ್ ತೆಗೆದು ಬರೀ ಡ್ಯಾಂಪರ್ ಹಾಕಿ, ಜ್ಯಾಕಿನಲ್ಲಿ ಚಕ್ರವನ್ನ 50 ಮಿ.ಮೀ. ಎತ್ತಿದೆ. ಡ್ಯಾಂಪರ್ ಕುಗ್ಗಿದ್ದು 35. ಅನುಪಾತ 0.7. ಹಿಂದುಗಡೆ 0.75 ಬಂತು.

ನನ್ನ ಮುಂದಿನ ಒಂದೊಂದು ಮೂಲೆಯ ಮೇಲೆ, ಚಕ್ರ ಬ್ರೇಕುಗಳ ಭಾರ ಕಳೆದು, ನಾನು ಕೂತಾಗ ಸುಮಾರು 260 ಕೆ.ಜಿ. ಅದನ್ನ 0.7ರಿಂದ ಭಾಗಿಸಿದರೆ ಸ್ಪ್ರಿಂಗಿನ ಮೇಲೆ ಬೀಳೋದು 371 ಕೆ.ಜಿ. 7 ಕೆ.ಜಿ. ಸ್ಪ್ರಿಂಗ್ ಅಷ್ಟು ಭಾರಕ್ಕೆ 53 ಮಿ.ಮೀ. ಕುಗ್ಗುತ್ತದೆ. ನಾನು ತಂದ 5 ಕೆ.ಜಿ. ಸ್ಪ್ರಿಂಗ್ 74 ಕುಗ್ಗುತ್ತದೆ. ಉದ್ದ ಎರಡರದ್ದೂ ಒಂದೇ, 7 ಇಂಚು. ಹಾಗಾಗಿ ಕಾರು ಡ್ಯಾಂಪರ್ ಲೆಕ್ಕದಲ್ಲಿ 21 ಮಿ.ಮೀ. ಇಳಿಯಿತು, ಚಕ್ರದ ಲೆಕ್ಕದಲ್ಲಿ 30. ಇದ್ದ ಜಾಗವೇ 12. ಅಂದರೆ ನಿಂತ ಕಡೆಯೇ ಬಂಪ್ ಸ್ಟಾಪ್ ಮೇಲೆ ಕೂತಿತ್ತು ಕಾರು! ಗಟ್ಟಿ ಆಗದೆ ಇನ್ನೇನಾಗುತ್ತೆ?

ಆಮೇಲೆ ತಟ್ಟೆಯನ್ನ 21 ಮಿ.ಮೀ. ಮೇಲಕ್ಕೆ ತಿರುಗಿಸಿ ಎತ್ತರ ಸರಿಮಾಡಿದೆ. ಧಡ್ ಹೋಗಲಿಲ್ಲ, ಜೊತೆಗೆ ಹೊಸದೊಂದು ‘ಕಡಕ್’ ಶುರುವಾಯಿತು, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಬಿಚ್ಚಿ ನೋಡಿದರೆ ಸುರುಳಿಗಳ ನಡುವೆ ಪೇಂಟ್ ಉಜ್ಜಿಹೋಗಿ ಬೆಳ್ಳಗೆ ಹೊಳೆಯುವ ಗೆರೆ. ಸುರುಳಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. 178 ಮಿ.ಮೀ. ಸ್ಪ್ರಿಂಗ್ ಪೂರ್ತಿ ಅದುಮಿದರೆ 77ಕ್ಕೆ ನಿಲ್ಲುತ್ತದೆ, ಒಟ್ಟು 101 ಕುಗ್ಗಬಹುದು. ಅದರಲ್ಲಿ 74 ಸುಮ್ಮನೆ ನಿಂತಾಗಲೇ ಖರ್ಚು. ಉಳಿದದ್ದು 27.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಒಂದಿದೆ. ತಟ್ಟೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿ ಆಗುತ್ತದೆ ಅಂತ. ಇಲ್ಲ ಸ್ವಾಮಿ. ಉದ್ದಕ್ಕೂ ಒಂದೇ ಗಡಸಿನ ಸ್ಪ್ರಿಂಗಾದರೆ ತಟ್ಟೆ ಎಲ್ಲೇ ಇರಲಿ, ಕಾರಿನ ಭಾರಕ್ಕೆ ಅದು ಅಷ್ಟೇ ಕುಗ್ಗುತ್ತದೆ. ಬದಲಾಗೋದು ಕಾರಿನ ಎತ್ತರ.

ಹಾಗಾದರೆ ಯಾವುದು ಕೊಳ್ಳೋದು

ಮೊದಲು ಜಾಗ ಮಾಡಿಕೊಂಡೆ. ಚಂದಕ್ಕೆ ತಗ್ಗಿಸಿದ್ದ ಕಾರನ್ನ ಚಕ್ರದ ಲೆಕ್ಕದಲ್ಲಿ 20 ಮಿ.ಮೀ. ಎತ್ತಲು ತೀರ್ಮಾನಿಸಿದೆ, ಡ್ಯಾಂಪರಿನಲ್ಲಿ 14 ಸಿಕ್ಕಿತು. 45 ಮಿ.ಮೀ. ಬಂಪ್ ಸ್ಟಾಪ್ ಬದಲು 30ರದ್ದು ಹಾಕಿದೆ, ಇನ್ನೊಂದು 15. ಮೊದಲಿನ 12 ಸೇರಿ 41 ಮಿ.ಮೀ. ಗಿಡ್ಡ ಬಂಪ್ ಸ್ಟಾಪ್ ಹಾಕುವ ಮುಂಚೆ ಸ್ಪ್ರಿಂಗ್ ಇಲ್ಲದೆ ಚಕ್ರವನ್ನ ಪೂರ್ತಿ ಮೇಲಕ್ಕೆ ಎತ್ತಿ, ಟೈರ್ ಫೆಂಡರಿಗೆ ಎಲ್ಲಿ ತಾಗುತ್ತದೆ, ಡ್ಯಾಂಪರ್ ಒಳಗೇ ತಳ ಹೊಡೆಯುತ್ತದಾ ಅಂತ ನೋಡಲೇಬೇಕು. ಬಂಪ್ ಸ್ಟಾಪ್ ಪೂರ್ತಿ ತೆಗೆದು ಬಿಸಾಕುವ ಮಹಾನುಭಾವರೂ ಇದ್ದಾರೆ. ಅವರ ಡ್ಯಾಂಪರ್ ಬಹಳ ದಿನ ಬಾಳೋದಿಲ್ಲ.

ಆಮೇಲೆ ಗಡಸು. ಇದಕ್ಕೆ ಕಾರು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಅನ್ನೋ ಲೆಕ್ಕವೇ ಸರಿ. ಮಾಮೂಲಿ ಮನೆ ಕಾರು 1ರಿಂದ 1.5 ಹರ್ಟ್ಸ್, ರಸ್ತೆಯ ಸ್ಪೋರ್ಟ್ಸ್ ಕಾರು 1.5ರಿಂದ 2, ಅದಕ್ಕಿಂತ ಮೇಲೆ ಹೋದರೆ ರೇಸ್ ಟ್ರ್ಯಾಕ್. ಚಕ್ರದ ಹತ್ತಿರದ ಗಡಸು ಬೇಕು, ಅದಕ್ಕೆ ಸ್ಪ್ರಿಂಗಿನ ಗಡಸನ್ನ ಅನುಪಾತದ ವರ್ಗದಿಂದ ಗುಣಿಸಿ. ನನಗೆ 0.7ರ ವರ್ಗ 0.49, ಅಂದರೆ 8 ಕೆ.ಜಿ. ಸ್ಪ್ರಿಂಗ್ ಚಕ್ರದ ಹತ್ತಿರ 3.9 ಕೆ.ಜಿ. ಮಾತ್ರ. ಅರ್ಧಕ್ಕರ್ಧ ಹೋಯಿತು, ನೋಡಿ. 5 ಕೆ.ಜಿ.ಗೆ 1.5 ಹರ್ಟ್ಸ್, 8ಕ್ಕೆ 1.9, 10ಕ್ಕೆ 2.2. ವರ್ಷಕ್ಕೆ ಎರಡು ಸಲ ಲಗೂನಾ ಸೆಕಾ ರೇಸ್ ಟ್ರ್ಯಾಕಿಗೆ ಹೋಗುತ್ತೇನೆ, ಅಲ್ಲಿ ಕಾರ್ಕ್‌ಸ್ಕ್ರೂ ಅನ್ನೋ ತಿರುವಿನಲ್ಲಿ ರಸ್ತೆ ಸುಮಾರು 18 ಮೀಟರ್ ಧೊಪ್ಪನೆ ಇಳಿಯುತ್ತದೆ, ಕೆಳಗೆ ಕಾರು ಚೆನ್ನಾಗಿ ಅದುಮಿಕೊಳ್ಳುತ್ತದೆ. ಉಳಿದ ದಿನವೆಲ್ಲ ಆಫೀಸು, ದಿನಸಿ ಅಂಗಡಿ. 8 ಅಂತ ನಿಂತೆ. ಹಿಂದಿನ ಚಕ್ರಗಳಲ್ಲಿ ಮೊದಲೇ ಇದ್ದ 5 ಕೆ.ಜಿ. ಸ್ಪ್ರಿಂಗಿಗೆ ಸುಮಾರು 1.7 ಬರುತ್ತದೆ, ಅಲ್ಲಿ ತಕರಾರಿಲ್ಲ, ಹಾಗೇ ಬಿಟ್ಟೆ.

ಕೊನೆಗೆ ಉದ್ದ. ಇದನ್ನ ಯಾರೂ ಲೆಕ್ಕ ಹಾಕೋದೇ ಇಲ್ಲ. 8 ಕೆ.ಜಿ. ಸ್ಪ್ರಿಂಗ್ ನಿಂತಾಗ 46 ಕುಗ್ಗುತ್ತದೆ, ಬಂಪ್ ಸ್ಟಾಪ್‌ವರೆಗೆ 41, ಬಂಪ್ ಸ್ಟಾಪ್ ತಾನೇ ಒಂದು 20 ಕುಗ್ಗುತ್ತದೆ. ಒಟ್ಟು 107. ನನಗೆ ಸಿಗುತ್ತಿದ್ದ 7 ಇಂಚಿನದರಲ್ಲಿ ಸುಮಾರು 101, ಅಂದರೆ ಅದೇ ಕಡಕ್ ವಾಪಸ್. 8 ಇಂಚಿನದರಲ್ಲಿ 117. ಕ್ಯಾಟಲಾಗಿನಲ್ಲಿ ಸ್ಟ್ರೋಕ್ ಅಂತ ಒಂದು ಅಂಕಣ ಇರುತ್ತದೆ, ಅದೇ ಇದು. 65 ಮಿ.ಮೀ. ವ್ಯಾಸ, 8 ಇಂಚು ಅಂದರೆ 203 ಮಿ.ಮೀ. ಉದ್ದ, 8 ಕೆ.ಜಿ. ಆರ್ಡರ್ ಹಾಕಿದ್ದು ಇದನ್ನೇ. ಉದ್ದ ಜಾಸ್ತಿ ಆಗಿದ್ದಕ್ಕೆ ತಟ್ಟೆ 18 ಮಿ.ಮೀ. ಕೆಳಗೆ ಹೋಗಬೇಕು. ತಟ್ಟೆ ತಿರುಗುವ ಮರೆ, ಅಂದರೆ ಥ್ರೆಡ್, ಕೆಳಗೆ 25 ಮಿ.ಮೀ. ಬಾಕಿ ಇತ್ತು, ಬಚಾವ್.

ಹೆಲ್ಪರ್ ಸ್ಪ್ರಿಂಗ್ (ಚಕ್ರ ನೇತಾಡುವಾಗ ಮುಖ್ಯ ಸ್ಪ್ರಿಂಗ್ ಸಡಿಲ ಆಗದ ಹಾಗೆ ಜೊತೆಗಿಡುವ ಮೆತ್ತನೆಯ ಸಣ್ಣ ಸ್ಪ್ರಿಂಗ್) ಬೇಕಾ ಅಂತ ಕೇಳುತ್ತಾರೆ. ಕಾರು ಜ್ಯಾಕ್ ಮೇಲೆ ಎತ್ತಿದಾಗ ಡ್ಯಾಂಪರ್ ನಿಂತ ಎತ್ತರದಿಂದ ಎಷ್ಟು ಕೆಳಗೆ ಇಳಿಯುತ್ತದೆ ನೋಡಿ. ನನ್ನದು ಈಗ 24, ಸ್ವಲ್ಪ ಕಡಿಮೆಯೇ, ಆದರೆ ನಡೆಯುತ್ತದೆ. ಸ್ಪ್ರಿಂಗ್ ಕುಗ್ಗಿರೋದು 46. 24 ಹಿಗ್ಗಿದರೂ ಇನ್ನೂ 22 ಅದುಮಿಕೊಂಡೇ ಇರುತ್ತದೆ, ಹಾಗಾಗಿ ಅಲ್ಲಾಡೋದಿಲ್ಲ. ಲೆಕ್ಕ ಉಲ್ಟಾ ಬಂದರೆ ಮಾತ್ರ ಹೆಲ್ಪರ್.

ಆ 22 ಇನ್ನೊಂದು ಕಾರಣಕ್ಕೂ ನೆನಪಿರಲಿ. ಚಕ್ರ ನೇತಾಡುತ್ತಿದ್ದಾಗಲೂ ಸ್ಪ್ರಿಂಗಿನಲ್ಲಿ 176 ಕೆ.ಜಿ. ಒತ್ತಡ ಕೂತಿದೆ. ತಟ್ಟೆಯನ್ನ ಕೆಳಗೆ ಇಳಿಸಿ, ಸ್ಪ್ರಿಂಗ್ ಕೈಯಲ್ಲಿ ತಿರುಗುವಷ್ಟು ಸಡಿಲ ಆದ ಮೇಲೇ ಮೇಲಿನ ನಟ್ ಮುಟ್ಟಬೇಕು. ತಟ್ಟೆ ಮರೆಯ ಮಣ್ಣನ್ನ ವೈರ್ ಬ್ರಷ್‌ನಲ್ಲಿ ತೆಗೆದು ಎಣ್ಣೆ ಹಾಕಿ ರಾತ್ರಿ ಬಿಟ್ಟರೆ ಬೆಳಗ್ಗೆ ಜಗಳ ಇರೋದಿಲ್ಲ.

ಹಾಕಿದ ಮೇಲೂ ಸರಿ ಇಲ್ಲ ಅನ್ನಿಸಿದರೆ

ಒಂದು ಕಡೆ ತಗ್ಗಾಗಿದ್ದರೆ ಎಡಬಲ ಸ್ಪ್ರಿಂಗ್ ಅದಲು ಬದಲು ಮಾಡಿ. ತಗ್ಗೂ ಜೊತೆಗೆ ಹೋದರೆ ಸ್ಪ್ರಿಂಗ್, ಅಲ್ಲೇ ಉಳಿದರೆ ಬೇರೆ ಏನೋ. ಅಳೆಯುವಾಗ ನೆಲದಿಂದ ಬೇಡ, ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ. ಇಲ್ಲದಿದ್ದರೆ ಟೈರಿನ ಗಾಳಿ ಮೋಸ ಮಾಡುತ್ತದೆ.

ಇಡೀ ಮುಂಭಾಗ ಲೆಕ್ಕಕ್ಕಿಂತ ಎತ್ತರ ನಿಂತು, ಚಲನೆಯೂ ಬಿಗಿ ಅನ್ನಿಸಿದರೆ ತೋಳಿನ ಬೋಲ್ಟ್‌ಗಳನ್ನ ಚಕ್ರ ನೇತಾಡುವಾಗ ಬಿಗಿದಿದ್ದೀರಿ. ಮಿಯಾಟಾದ ತೋಳಿನ ಕೀಲಲ್ಲಿರುವ ರಬ್ಬರ್ ಬುಷ್, ಬೋಲ್ಟ್ ಬಿಗಿದ ಜಾಗದಲ್ಲೇ ಹಿಡಿದುಕೊಳ್ಳುತ್ತದೆ, ಅಲ್ಲಿಂದ ಆಚೀಚೆ ಹೋದರೆ ತಿರುಚಿಕೊಂಡು ತಾನೂ ಒಂದು ಸ್ಪ್ರಿಂಗ್ ಆಗುತ್ತದೆ, ಬೇಗ ಹರಿದೂ ಹೋಗುತ್ತದೆ. ಕಾರನ್ನ ನೆಲಕ್ಕಿಳಿಸಿ, ಬೋಲ್ಟ್ ಸಡಿಲಿಸಿ, ಮತ್ತೆ ಬಿಗಿಯಿರಿ. ನಾನೂ ಒಂದು ಕಡೆ ಮರೆತಿದ್ದೆ.

ಕಾಂಕ್ರೀಟ್ ಜೋಡಣೆಗಳ ಮೇಲೆ ಮೊದಲ ಏಟು ಮೆತ್ತಗೆ, ನಾಲ್ಕನೆಯದು ಜೋರು ಅಂತಾದರೆ ಡ್ಯಾಂಪರ್ ಹಿಗ್ಗುವ ಕಡೆ ತೀರಾ ಬಿಗಿಯಾಗಿದೆ. ಚಕ್ರ ಕೆಳಗೆ ವಾಪಸ್ ಬರುವ ಮುಂಚೆ ಮುಂದಿನ ಜೋಡಣೆ ಬರುತ್ತದೆ, ಕಾರು ಮೆಟ್ಟಿಲು ಮೆಟ್ಟಿಲಾಗಿ ತಗ್ಗುತ್ತಾ ಬಂಪ್ ಸ್ಟಾಪ್ ಮುಟ್ಟುತ್ತದೆ. ಡ್ಯಾಂಪರಿನ ಬಿಗಿ ಹೊಂದಿಸುವ ತಿರುಗಣೆಯನ್ನ ಎರಡು ಕ್ಲಿಕ್ ಸಡಿಲಿಸಿ ನೋಡಿ. ಹಂಪ್ ಇಳಿದ ಮೇಲೆ ದೋಣಿ ಥರ ತೂಗಾಡಿದರೆ ಉಲ್ಟಾ, ಬಿಗಿ ಮಾಡಬೇಕು. ಸ್ಪ್ರಿಂಗಿನ ಗಡಸು ಎಷ್ಟು ಪಟ್ಟು ಏರಿತೋ ಅದರ ವರ್ಗಮೂಲದಷ್ಟು ಡ್ಯಾಂಪಿಂಗ್ ಏರಿದರೆ ಸಾಕು. 7ರಿಂದ 8ಕ್ಕೆ ಹೋದರೆ ಶೇಕಡಾ 7, ಇರುವ ಡ್ಯಾಂಪರೇ ಆಗುತ್ತದೆ. ದುಪ್ಪಟ್ಟು ಮಾಡುತ್ತೇನೆ ಅಂದರೆ ಶೇಕಡಾ 41 ಬೇಕು, ಆಗ ಡ್ಯಾಂಪರನ್ನೂ ಬಿಚ್ಚಿಸಿ ಒಳಗಿನ ವಾಲ್ವ್ ಬದಲಾಯಿಸಬೇಕು.

ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗ ಇದನ್ನೆಲ್ಲ ಫೋನಿನಲ್ಲಿ ಕೇಳಿ, “ಅಣ್ಣಾ, ನನ್ನ ಪೋಲೋಗೂ ಮುಂದೆ ಎಂಟು ಕೆ.ಜಿ. ಹಾಕಿಸ್ಲಾ?” ಅಂದ. “ಬೇಡ ಕಣೋ, ಬೆನ್ನು ಮುರಿಯುತ್ತೆ” ಅಂದೆ. ಅವನದು ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅನುಪಾತ ಹೆಚ್ಚುಕಮ್ಮಿ 1. ನನ್ನ 8 ಕೆ.ಜಿ. ಚಕ್ರದ ಹತ್ತಿರ 3.9 ಆದರೆ ಅವನ 8 ಕೆ.ಜಿ. ಬಹುಪಾಲು 8 ಆಗೇ ಉಳಿಯುತ್ತದೆ. ಹಿಂದುಗಡೆಯಂತೂ ಸ್ಪ್ರಿಂಗ್ ಬೇರೆ, ಡ್ಯಾಂಪರ್ ಬೇರೆ ಜಾಗದಲ್ಲಿ, ಎರಡಕ್ಕೂ ಬೇರೆ ಬೇರೆ ಅನುಪಾತ ಅಳೆಯಬೇಕು. ಅವನಿಗೂ ಹೇಳಿದ್ದು ಒಂದೇ, ಮೊದಲು ಜಿಪ್ ಟೈ ಕಟ್ಟು.

ಎತ್ತರ ಬದಲಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವುದು), ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಸರಿದಿರುತ್ತವೆ. ನನ್ನದು ಮೊನ್ನೆ ಆಯಿತು. 100 ಮೈಲಿ ಓಡಿಸಿ ತಟ್ಟೆಯ ಲಾಕ್ ರಿಂಗ್ ಮತ್ತೆ ನೋಡಿದೆ, ಎಡಗಡೆಯದು ಕಾಲು ಸುತ್ತು ಸಡಿಲವಾಗಿತ್ತು, ಬಿಗಿದೆ. ಜಿಪ್ ಟೈ ಇನ್ನೂ ಕಂಬಿ ಮೇಲೇ ಇದೆ. ಗೇಟಿನ ಹಂಪ್ ದಾಟಿ ಬಂದರೆ ಬಂಪ್ ಸ್ಟಾಪಿಗೆ 9 ಮಿ.ಮೀ. ಕೆಳಗೆ ನಿಲ್ಲುತ್ತದೆ. 5 ಕೆ.ಜಿ.ಯ ಜೋಡಿ ಸ್ಪ್ರಿಂಗ್ ಗ್ಯಾರೇಜಿನ ಮೂಲೆಯಲ್ಲಿದೆ, 65 ಮಿ.ಮೀ., 7 ಇಂಚು, ಸುರುಳಿ ಉಜ್ಜಿದ ಗೆರೆ ಸಮೇತ.